ಹೊಸ ನಿಲ್ದಾಣಕ್ಕಿಂತ ಮೊದಲು ಮೀಸಲು ವಿಮಾನ ಬೇಕು

ಮಾನ್ಯ ಸಂಪಾದಕರೇ,

ವಿಜಯಪುರ, ರಾಯಚೂರು, ಹಾಸನದ ವಿಮಾನ ನಿಲ್ದಾಣಗಳ ಮಾತು ಬಂದಾಗಲೆಲ್ಲ ರನ್‌ವೇ ಎಷ್ಟು ಉದ್ದ, ಟರ್ಮಿನಲ್‌ಗೆ ಎಷ್ಟು ಕೋಟಿ ಎಂಬುದೇ ಚರ್ಚೆ. ಅಲ್ಲಿಗೆ ಹಾರುವ ಕಂಪನಿ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರು ಕಡಿಮೆ. ಟ್ರೂಜೆಟ್ ಗತಿ ನಮ್ಮ ಕಣ್ಣೆದುರಿಗೇ ಇದೆ.

ಹೈದರಾಬಾದಿನ ಈ ಕಂಪನಿ 2015ರ ಜುಲೈನಲ್ಲಿ ಎಟಿಆರ್‌–72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಗಳೊಂದಿಗೆ ಹಾರಾಟ ಆರಂಭಿಸಿತು. 2017ರಲ್ಲಿ, ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಡಿ ಬಳ್ಳಾರಿ ಬಳಿಯ ವಿದ್ಯಾನಗರಕ್ಕೂ ಮೈಸೂರಿಗೂ ಬಂತು. 2020ರ ಫೆಬ್ರುವರಿ 7ರಂದು ಬೀದರ್‌ಗೆ ಬಂದು ಒಂದೂವರೆ ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್. 2022ರ ಫೆಬ್ರುವರಿಯಲ್ಲಿ ಕಂಪನಿಯ ಹಾರಾಟವೇ ನಿಂತಿತು. ಕೋವಿಡ್ ಪೆಟ್ಟು ದೊಡ್ಡದೇ. ಆದರೆ ಕೋವಿಡ್ ಬಾರದಿದ್ದರೂ ಇಂಥ ಕಂಪನಿಗಳ ಲೆಕ್ಕ ಬಿಗಿಯೇ.

ಉಡಾನ್‌ನಲ್ಲಿ ಟಿಕೆಟ್ ದರಕ್ಕೆ ಮಿತಿ ಇರುವುದು ಸುಮಾರು ಅರ್ಧ ಸೀಟುಗಳಿಗೆ. ಆರಂಭದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಅದು 2,500 ರೂಪಾಯಿ ಇತ್ತು. ಆ ಸೀಟುಗಳ ನಷ್ಟ ತುಂಬಿಕೊಡುವ ಹಣದಲ್ಲಿ ಶೇ 20ರಷ್ಟು ರಾಜ್ಯದ್ದು, ಉಳಿದದ್ದು ಕೇಂದ್ರದ ಕಡೆಯಿಂದ. ಅವಧಿ ಮೂರೇ ವರ್ಷ. ಹಣ ಕೈಸೇರುವುದು ಹಾರಿ ಮುಗಿದು ಬಿಲ್ ಸಲ್ಲಿಸಿದ ಮೇಲೆ. ಖರ್ಚು ಮಾತ್ರ ಕಾಯುವುದಿಲ್ಲ. ಸಾಲ ಸಿಗದ ಸಣ್ಣ ಕಂಪನಿ ಇಂಧನಕ್ಕೆ ನಗದು ಎಣಿಸಬೇಕು, ವಿಮಾನದ ಬಾಡಿಗೆಯನ್ನು ಡಾಲರ್ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟಬೇಕು. ಸಾಲದ್ದಕ್ಕೆ ಎಂಜಿನ್, ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್‌ಗಳ ಮುಂದಿನ ದೊಡ್ಡ ರಿಪೇರಿಗೆಂದು ಹಾರಿದ ಗಂಟೆ, ಇಳಿದ ಸಲ ಎಣಿಸಿ ಮೀಸಲು ಹಣ ತೆಗೆದಿಡಬೇಕು. ದೆಹಲಿಗೆ ಹೋಗುವ ವಿಮಾನ ಒಮ್ಮೆ ಇಳಿಯುವ ಹೊತ್ತಿಗೆ ಹತ್ತಿರದ ಊರುಗಳಿಗೆ ಹಾರುವ ಎಟಿಆರ್ ಎರಡು ಸಲ ಇಳಿದಿರುತ್ತದೆ. ಟಯರ್, ಬ್ರೇಕ್ ಸವೆಯುವುದೂ ಅದೇ ವೇಗದಲ್ಲಿ.

ದಿನಕ್ಕೆ ಆರೇಳು ಸಲ ಹಾರಿದರಷ್ಟೇ ಈ ಖರ್ಚಿನಷ್ಟು ಹಣ ಹುಟ್ಟುತ್ತದೆ. ಬೆಳಿಗ್ಗೆ ಮಂಜು ಕವಿದು ಮೊದಲ ಹಾರಾಟ ಎರಡು ಗಂಟೆ ತಡವಾದರೆ ಸಂಜೆಯ ಕೊನೆಯದು ರದ್ದು: ಒಂದೋ ಆ ಊರಲ್ಲಿ ರಾತ್ರಿ ಇಳಿಯುವ ವ್ಯವಸ್ಥೆ ಇಲ್ಲ, ಇಲ್ಲವೇ ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿದಿರುತ್ತದೆ. ಬದಲಿ ವಿಮಾನ ಇಲ್ಲದಿದ್ದರೆ ಒಂದು ಬಿಡಿಭಾಗ ಕೈಕೊಟ್ಟರೂ ಮೂರು ಊರಿನ ಪ್ರಯಾಣಿಕರು ನಡುನೀರಿನಲ್ಲಿ. ದುಡ್ಡು ಸಾಲದಾದಾಗ ನಿಂತ ವಿಮಾನದ ಭಾಗ ಕಳಚಿ ಹಾರುವುದಕ್ಕೆ ಜೋಡಿಸುತ್ತಾರೆ. ನಿಂತದ್ದಕ್ಕೂ ಬಾಡಿಗೆ ತಪ್ಪದು. ಎರಡು ಸಲ ರದ್ದಾದ ಮೇಲೆ ವ್ಯಾಪಾರಿಗಳು, ರೋಗಿಗಳು ರಾತ್ರಿ ರೈಲಿಗೇ ಮರಳುತ್ತಾರೆ. ಅವರನ್ನು ಮತ್ತೆ ಕರೆತರುವುದು ಬಹಳ ಕಷ್ಟ.

ಇದು ಒಂದು ಕಂಪನಿಯ ಪಾಡಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಪ್ರಕಾರ ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳ ಪೈಕಿ 403ರಲ್ಲಿ ಹಾರಾಟ ಆರಂಭವೇ ಆಗಲಿಲ್ಲ. ಮೂರು ವರ್ಷ ಪೂರೈಸಿದ್ದು 112, ಆ ಬಳಿಕವೂ ಉಳಿದದ್ದು ಬರೀ 54.

ಆದ್ದರಿಂದ ರಾಜ್ಯ ಸರ್ಕಾರ ಹೊಸ ಮಾರ್ಗಕ್ಕೆ ಹಣ ಕೊಡುವ ಮುನ್ನ ಕಂಪನಿಯ ಬಳಿ ಬದಲಿ ವಿಮಾನ ಇದೆಯೇ ಎಂದು ನೋಡಲಿ. ತನ್ನ ಪಾಲಿನ ಹಣವನ್ನು ಬಿಲ್ ಬಂದ ತಿಂಗಳೊಳಗೆ ಪಾವತಿಸಲಿ. ಉದ್ಘಾಟನೆಗೆ ಮೊದಲೇ ರನ್‌ವೇ ದೀಪಗಳನ್ನು ಹಾಕಿಸಲಿ. ಮೂರು ವರ್ಷದ ನೆರವನ್ನು ಒಮ್ಮೆಗೇ ಕಡಿಯದೆ, ನಾಲ್ಕನೇ ಮತ್ತು ಐದನೇ ವರ್ಷ ಹಂತಹಂತವಾಗಿ ಇಳಿಸುತ್ತ ಹೋಗಲಿ.

– ನಿವೃತ್ತ ವಿಮಾನ ನಿರ್ವಹಣಾ ಸಿಬ್ಬಂದಿ, ಬಳ್ಳಾರಿ