ಊರಂಚಿನ ಕೆರೆ ಓದುವವರಿಗೂ ಫೆಲೋಶಿಪ್ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ಊರಂಚಿನ ಕೆರೆಗಳು, ಅವುಗಳ ಸುತ್ತ ಉಳಿದಿರುವ ಕುರುಚಲು ನನ್ನ ಅಧ್ಯಯನದ ವಿಷಯ. ಕಳೆದ ವರ್ಷದ ರಾಜ್ಯ ಫೆಲೋಶಿಪ್ ಹಣ ಇನ್ನೂ ಬಂದಿಲ್ಲ. ಗೈಡ್ ಕಡೆಯಿಂದ ಹೇಳಿಸಿ, ಅರ್ಜಿ ಕೊಟ್ಟು, ಕಚೇರಿಗಳಿಗೆ ಅಲೆದು ಸಾಕಾಯಿತು. ಬಾಕಿ ಬಿಡುಗಡೆ ಮಾಡಿಸಿ, ಮಳೆಗಾಲ ಶುರುವಾಗುವ ಮುಂಚೆ ಮಾಡಿಸಿ.

ನಿಯಮ ನಿಮಗೆ ಗೊತ್ತೇ ಇದೆ. ಹಣ ಖರ್ಚಾದ ಲೆಕ್ಕ ತೋರಿಸುವ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತಿಲ್ಲ. ಆದರೆ ಮೊದಲ ಕಂತೇ ಮಾರ್ಚ್ ಕೊನೆಗೆ ಬಂದರೆ ಬಳಸುವುದು ಯಾವಾಗ? ಮೊದಲ ಮಳೆಗೆ ಏಳುವ ಸಸಿಗಳನ್ನು ಮಾರ್ಚ್‌ನಲ್ಲಿ ಎಣಿಸಲಾಗದು. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆ ಏರುವಷ್ಟರಲ್ಲಿ ಉತ್ತರಕ್ಕೆ ಹೊರಟುಬಿಡುತ್ತವೆ. ಒಂದು ಋತು ತಪ್ಪಿದರೆ ಒಂದು ವರ್ಷವೇ ಹೋದಂತೆ.

ಒಂದು ಕಚೇರಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಅಲ್ಲಿನ ಅಧಿಕಾರಿ ನನ್ನ ಸಂಶೋಧನೆಯ ಸಿನಾಪ್ಸಿಸ್ (ಸಾರಾಂಶ) ತಿರುವಿ, "ಇದು ಕಾಡೂ ಅಲ್ಲ, ಊರೂ ಅಲ್ಲ. ಬಂಡೀಪುರದ ಹುಲಿ ಮೇಲೆ ಮಾಡಿದ್ರೆ ನೋಡಬಹುದಿತ್ತು. ಕೆರೆ ಪಕ್ಕದ ಲಂಟಾನಕ್ಕೆ ಯಾರಮ್ಮ ದುಡ್ಡು ಕೊಡ್ತಾರೆ?" ಅಂದರು. ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಫೈಲು ಮತ್ತೆ ಕಟ್ಟಾಯಿತು. ನಾನು ಬಾಯಿ ಬಿಡಲಿಲ್ಲ. ಸಹಿ ಅವರ ಕೈಯಲ್ಲಿತ್ತು.

ಕಾಡೂ ಅಲ್ಲದ, ಊರೂ ಅಲ್ಲದ ಈ ಜಾಗಗಳೇ ಸ್ವಾಮಿ ಮೊದಲು ಹೋಗುವುದು. ಮೈಸೂರಿನ ಲಿಂಗಾಂಬುಧಿ ಕೆರೆ 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಆಗ ಊರಾಚೆಗಿದ್ದ ಕೆರೆಯನ್ನು ಈಗ ಬಡಾವಣೆಗಳು ಸುತ್ತುವರಿದಿವೆ. ಕುಕ್ಕರಹಳ್ಳಿ ಕೆರೆಯದೂ ಅದೇ ಕಥೆ. ಚರಂಡಿ ನೀರು ಎಲ್ಲಿಂದ ಸೇರುತ್ತಿದೆ, ದಡದ ಜೊಂಡು ಕಿತ್ತು ವಾಕಿಂಗ್ ಪಾತ್ ಹಾಕಿದರೆ ಅಲ್ಲಿ ಗೂಡು ಕಟ್ಟುವ ಜಂಬುಕೋಳಿ ಎಲ್ಲಿಗೆ ಹೋಗಬೇಕು, ಇದನ್ನೆಲ್ಲ ವರ್ಷಗಟ್ಟಲೆ ಕೂತು ಬರೆದಿಡುವವರು ಬೇಕು. ಆ ಲೆಕ್ಕವಿಲ್ಲದೆ ಕೆರೆ ಅಭಿವೃದ್ಧಿ ಅಂತ ಕೋಟಿಗಟ್ಟಲೆ ಸುರಿಯುತ್ತೀರಿ. ಲೆಕ್ಕ ಇಡುವವರಿಗೆ ತಿಂಗಳ ಬಸ್ ಚಾರ್ಜಿಗೂ ಹಣವಿಲ್ಲ.

ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದವರಿಗೆ ರಾಜ್ಯದ ಫೆಲೋಶಿಪ್ಪೇ ಗತಿ. ನಾನು ಸಂಜೆ ಟ್ಯೂಷನ್ ಹೇಳಿ ನೀರಿನ ಪರೀಕ್ಷೆಗೆ ದುಡ್ಡು ಹೊಂದಿಸುತ್ತೇನೆ. ಅಮ್ಮನ ಬಳೆ ಇನ್ನೂ ಅಡವಿನಲ್ಲೇ ಇದೆ. ಹೋದ ಮಳೆಗಾಲದಲ್ಲಿ ಸಹಾಯಕರಿಗೆ ಕೂಲಿ ಕೊಡಲಾಗದೆ ರಾಜಕಾಲುವೆ ಪಕ್ಕದಲ್ಲಿ ಅಧ್ಯಯನಕ್ಕೆ ಗುರುತಿಸಿದ್ದ ಪ್ಲಾಟಿನ ಗಿಡಗಳ ಎಣಿಕೆ ಅರ್ಧಕ್ಕೇ ನಿಂತಿತು. ಮತ್ತೆ ಹೋಗುವಷ್ಟರಲ್ಲಿ ಜೆಸಿಬಿ ಬಂದು ಹೋಗಿತ್ತು. ಗಿಡಗಳಿಗೆ ನಾನೇ ನಂಬರ್ ಬರೆದು ಕಟ್ಟಿದ್ದ ಅಲ್ಯೂಮಿನಿಯಂ ಬಿಲ್ಲೆಗಳು ಮಣ್ಣಿನ ಗುಡ್ಡೆಯಲ್ಲಿ ಸಿಕ್ಕವು. ಕೆಲವಕ್ಕೆ ಹೊಂಗೆಯ ರೆಂಬೆ ಇನ್ನೂ ಅಂಟಿಕೊಂಡಿತ್ತು. ಅಲ್ಲಿ ಏನೇನಿತ್ತು ಅನ್ನುವ ಪೂರ್ತಿ ದಾಖಲೆ ಇನ್ನು ಯಾರ ಹತ್ತಿರವೂ ಸಿಗುವುದಿಲ್ಲ.

ಹಾಗಾಗಿ ಮತ್ತೆ ಕೇಳುತ್ತಿದ್ದೇನೆ. ಬಾಕಿ ಬಿಡುಗಡೆ ಮಾಡಿಸಿ. ಫೆಲೋಶಿಪ್ ತಿಂಗಳು ತಿಂಗಳು ಖಾತೆಗೆ ಬರುವಂತೆ ಮಾಡಿ. ಊರಂಚಿನ ಕೆರೆ, ಕುರುಚಲು, ಗೋಮಾಳಗಳ ಸಂಶೋಧನೆಗೆ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಇಡಿಸಿ. "ಪರಿಶೀಲಿಸಲಾಗುವುದು" ಅನ್ನುವ ಉತ್ತರ ನನ್ನ ಹತ್ತಿರ ಆಗಲೇ ಇದೆ, ಇನ್ನೊಂದು ಬೇಡ. ಜೂನ್‌ಗೆ ಮುಂಚೆ ಹಣ ಬಿಡುಗಡೆ ಮಾಡಿಸಿ.

ಇಂತಿ,
ಮೈಸೂರಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ