ಮಗಳಿಗೊಂದು ಪತ್ರ: ಹನ್ನೆರಡು ಲಕ್ಷ ಸಾಲದು

ಪ್ರೀತಿಯ ಪುಟ್ಟಿ,

ಜರ್ಮನಿಗೆ ಹೋಗಿ ಮಾಸ್ಟರ್ಸ್ ಜರ್ಮನ್ ಭಾಷೆಯಲ್ಲೇ ಮಾಡುತ್ತೇನೆ ಅಂದೆಯಲ್ಲ, ಹಾಗಾದರೆ ಮೊದಲು ಯಾವ ಭಾಷಾ ಪರೀಕ್ಷೆಗೆ ಕಟ್ಟಬೇಕು ಅಂತ ನೋಡು. ಭಾಷೆಯ ಮಟ್ಟಗಳಲ್ಲಿ ಕೊನೆಯದು ಸಿ2, ಅದರ ಕೆಳಗಿನ ಸಿ1 ಆದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಗೋಥೆ ಇನ್‌ಸ್ಟಿಟ್ಯೂಟಿನ ಸಿ1 ಎಲ್ಲ ವಿಶ್ವವಿದ್ಯಾಲಯಗಳಲ್ಲೂ ನಡೆಯುವುದಿಲ್ಲ. ಅವರದೇ ಸಿ2 ನಡೆಯುತ್ತದೆ, ಟೆಲ್ಕ್ ಸಂಸ್ಥೆಯ ವಿಶ್ವವಿದ್ಯಾಲಯದ ಪರೀಕ್ಷೆ, ಸಿ1 ಹೋಖ್‌ಶೂಲೆ, ನಡೆಯುತ್ತದೆ. ಟೆಸ್ಟ್‌ಡಾಫ್ ಅನ್ನುವ ಇನ್ನೊಂದು ಪರೀಕ್ಷೆ ತೆಗೆದುಕೊಂಡರೆ ನಾಲ್ಕು ಭಾಗದಲ್ಲೂ 4 ಬರಬೇಕು. ಓದಿನಲ್ಲಿ 5 ಬಂದು ಮಾತಿನಲ್ಲಿ 3 ಬಂದರೆ ಹೆಚ್ಚಿನ ಕಡೆ ಉಪಯೋಗವಿಲ್ಲ.

ನಿನ್ನ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕು, ಶುಲ್ಕ 18,000 ರೂಪಾಯಿ. 2022ರ ನವೆಂಬರ್‌ನಿಂದ ಅದಿಲ್ಲದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ತೊಡಕಾಗುವುದು ಹೆಸರಿನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನಂತೆಯೇ ಬರೆ. ಎರಡೂ ಒಬ್ಬಳದೇ ಹೆಸರು ಅಂತ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೋ.

ಚಳಿಗಾಲದ ಸೆಮಿಸ್ಟರಿಗೆ ಸಾಮಾನ್ಯವಾಗಿ ಜುಲೈ 15 ಕೊನೆ ದಿನ, ಆದರೆ ಕೆಲವು ಮಾಸ್ಟರ್ಸ್ ಮೇ ತಿಂಗಳಲ್ಲೇ ಮುಚ್ಚಿಹೋಗುತ್ತವೆ. ಎಷ್ಟೋ ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹೋಗುವ ಅರ್ಜಿಯನ್ನು ಎಂಟು ವಾರ ಮೊದಲೇ ಹಾಕು. ಮೊದಲ ಕೋರ್ಸಿಗೆ 75 ಯೂರೋ, ಆಮೇಲೆ ತಲಾ 30, ಐದಕ್ಕೆ 195. ದುಡ್ಡು ಅವರ ಖಾತೆ ಸೇರುವವರೆಗೆ ಫೈಲು ತೆರೆಯುವುದಿಲ್ಲ.

ಈಗ ಖರ್ಚಿನ ಮಾತು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಮೊದಲೇ ದುಡ್ಡಿಟ್ಟು ತಿಂಗಳಿಗಿಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ತಿಂಗಳಿಗೆ ಕೈಗೆ ಸಿಗುವುದು 992 ಯೂರೋ. ಲೈಪ್‌ಜಿಗ್‌ನಲ್ಲಿ ಮೂವರು ಸೇರಿ ಮನೆ ಮಾಡಿದರೆ ಕೋಣೆಗೆ 400, ಆರೋಗ್ಯ ವಿಮೆಗೆ 150, ಊಟಕ್ಕೆ 220, ಸೆಮಿಸ್ಟರ್ ಶುಲ್ಕ ತಿಂಗಳಿಗೆ ಹಂಚಿದರೆ 50, ಫೋನಿಗೆ 15, ರೇಡಿಯೋ-ಟಿವಿ ಶುಲ್ಕದ ಪಾಲು 6 ಅಂತ ಹಿಡಿ. ಟಿವಿ ಇಲ್ಲದಿದ್ದರೂ ಮನೆಗೊಂದರಂತೆ 18.36 ಕಟ್ಟಲೇಬೇಕು! ಒಟ್ಟು 841. ಮ್ಯೂನಿಕ್‌ನಲ್ಲಿ ಕೋಣೆಗೇ 800 ಆದರೆ ಲೆಕ್ಕ 1,241ಕ್ಕೆ ಏರುತ್ತದೆ. ಊರು ಆರಿಸುವಾಗ ಇದನ್ನು ನೋಡು. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಆದರೆ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಬೋಧನಾ ಶುಲ್ಕವೂ ಇದೆ.

ಎಲ್ಲರೂ ಮರೆಯುವುದು ಮೊದಲ ತಿಂಗಳನ್ನು. ಬ್ಲಾಕ್ಡ್ ದುಡ್ಡು ಬರಲು ಅಲ್ಲಿನ ಬ್ಯಾಂಕ್ ಖಾತೆ ಬೇಕು. ಖಾತೆಗೆ ಎಷ್ಟೋ ಕಡೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಕೇಳುತ್ತಾರೆ. ನೋಂದಣಿಗೆ ಮನೆ ಕೊಟ್ಟವರ ಸಹಿಯಿರುವ ಪತ್ರ ಬೇಕು. ನಾಲ್ಕು ದಿನಕ್ಕೆ ಸಿಕ್ಕ ಹಾಸ್ಟೆಲ್ ಅದನ್ನು ಕೊಡದೆ ಇರಬಹುದು. ಇದರ ನಡುವೆ ಮನೆ ಮಾಲೀಕರು ಡಿಪಾಸಿಟ್ ಕೇಳುತ್ತಾರೆ, ಹೀಟಿಂಗ್ ಮುಂತಾದ ಖರ್ಚು ಬಿಟ್ಟ ಬಾಡಿಗೆಯ ಮೂರು ಪಟ್ಟಿನವರೆಗೆ. ಅಂಥ ಬಾಡಿಗೆ 300 ಅಂದರೂ 900 ಯೂರೋ ಆಯಿತು. ಮೊದಲ ಬಾಡಿಗೆ, ಸೆಮಿಸ್ಟರ್ ಶುಲ್ಕ, ದಿನಸಿ ಸೇರಿಸಿ 2,500 ಯೂರೋ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಇರಲಿ. ಇದನ್ನು ಹನ್ನೆರಡು ಲಕ್ಷದೊಳಗೆ ಸೇರಿಸಬೇಡ.

ಪಾರ್ಟ್‌ಟೈಮ್ ಕೆಲಸದ ದುಡ್ಡು ಈ ಲೆಕ್ಕಕ್ಕೆ ಬೇಡ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಬಿಡುತ್ತಾರೆ ನಿಜ, ಆದರೆ ಮೊದಲ ಸೆಮಿಸ್ಟರಿನಲ್ಲಿ ಜರ್ಮನ್ ಪಾಠ ತಲೆಗೆ ಹತ್ತುವುದೇ ಕಷ್ಟ.

ಐದು ಕೋರ್ಸಿನ ಪಟ್ಟಿ, ಕೊನೆ ದಿನಾಂಕ ಮತ್ತು ಅವರು ಒಪ್ಪುವ ಭಾಷಾ ಪರೀಕ್ಷೆ ಸಮೇತ ಕಳಿಸು. ಯೂನಿ-ಅಸಿಸ್ಟ್ ಫೀಸು ನನ್ನ ಕಾರ್ಡಿನಿಂದ ಕಟ್ಟೋಣ.

ಇಂತಿ,
ಅಮ್ಮ