ನೂಲು, ಉಣ್ಣೆ, ಬಿದಿರು: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ.

ಇದು ಜವಳಿ ಸಚಿವರಿಗೆ ಹೋಗಬೇಕಾದ ಪತ್ರ ಎಂದು ನಿಮ್ಮ ಕಚೇರಿಯವರು ಮೇಲೊಂದು ಷರಾ ಬರೆದು ಸಾಗಹಾಕಬಹುದು. ದಯವಿಟ್ಟು ಹಾಗಾಗಲು ಬಿಡಬೇಡಿ. ನೂಲು ಜವಳಿ ಇಲಾಖೆಯದು, ಉಣ್ಣೆ ಪಶುಸಂಗೋಪನೆಯದು, ಕುರಿ ಮೇಯುವ ಕಾವಲು ಕಂದಾಯದ್ದು, ಬಿದಿರು ಅರಣ್ಯದ್ದು. ಇವೆಲ್ಲ ಒಟ್ಟಿಗೆ ಬಂದು ಕೂರುವ ಮೇಜು ನಿಮ್ಮದೊಂದೇ.

ನಾನು ನೇಕಾರರ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಪ್ರತಿವರ್ಷ ಆಗಸ್ಟ್ 7ರಂದು, ಅಂದರೆ 1905ರ ಸ್ವದೇಶಿ ಚಳವಳಿಯ ನೆನಪಿಗೆ ಆಚರಿಸುವ ಕೈಮಗ್ಗ ದಿನದಂದು, ವೇದಿಕೆಯ ಮೇಲಿನಿಂದ ಒಂದೇ ಕಥೆ ಕೇಳುತ್ತೇನೆ. ಯಂತ್ರ ಬಂತು, ಅಗ್ಗದ ಮಾಲು ಬಂತು, ಕೈ ಸೋತಿತು, ಪಾಪ ಏನು ಮಾಡುವುದು, ಕಾಲಧರ್ಮ. ನಂತರ ಹಿರಿಯ ನೇಕಾರರೊಬ್ಬರಿಗೆ ಶಾಲು ಹೊದಿಸುತ್ತಾರೆ. ಆ ಶಾಲು ಯಾವ ಮಗ್ಗದ್ದು ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಈ ಕಥೆಯನ್ನು ಪೂರ್ತಿ ಸುಳ್ಳೆನ್ನುವುದಿಲ್ಲ. ಆದರೆ ಸಂಘದ ದಾಸ್ತಾನು ಪುಸ್ತಕ ಬರೆದವನಿಗೆ ಇದರಲ್ಲೊಂದು ದೊಡ್ಡ ತೂತು ಕಾಣುತ್ತದೆ. ನಮ್ಮಲ್ಲಿ ಮಗ್ಗಗಳು ನಿಂತದ್ದು ಬಟ್ಟೆ ಖರ್ಚಾಗದೆ ಇದ್ದದ್ದಕ್ಕಿಂತ ಹೆಚ್ಚಾಗಿ ನೂಲು ಸಿಗದೆ. ಪೇಟೆಯಲ್ಲಿ ಪೈಪೋಟಿ ನಡೆಯುವ ಮೊದಲೇ ಕೈಕಸುಬಿನವನ ಕಚ್ಚಾ ಸರಕನ್ನು ಇನ್ನೊಬ್ಬರ ಕೈಗೆ ದಾಟಿಸಿ ಆಗಿತ್ತು. ದಾಟಿಸಿದ್ದು ಯಂತ್ರವಲ್ಲ, ಕಾನೂನು, ಗುತ್ತಿಗೆ, ಸರ್ಕಾರಿ ಆದೇಶ. ಆದೇಶದಿಂದ ಹೋದದ್ದನ್ನು ಆದೇಶದಿಂದ ತರಬಹುದು ಎಂಬ ಆಸೆಯಿಂದಲೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನೂಲಿನ ವಿಷಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೆಂಗಸರು ಮನೆಯಲ್ಲಿ ನೂತ ನೂಲನ್ನು ನೇಕಾರರು ವಾರದ ಸಂತೆಯಲ್ಲಿ ಕೊಳ್ಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಗಿರಣಿ ನೂಲು ಬಂದಾಗ ಮೊದಲು ಬಿದ್ದದ್ದು ಆ ಹೆಂಗಸರ ರಾಟೆ. ನೇಕಾರ ಬೀಳಲಿಲ್ಲ, ಅಗ್ಗದ, ಸಮನಾದ ನೂಲು ಸಿಕ್ಕಿ ಕೆಲಕಾಲ ಅವನಿಗೆ ಅನುಕೂಲವೇ ಆಯಿತು. ಆದರೆ ಅಲ್ಲಿಂದಾಚೆಗೆ ಅವನ ಜುಟ್ಟು ಗಿರಣಿಯ ಕೈಯಲ್ಲಿ.

ಗಿರಣಿ ನೂಲು ಎರಡು ರೂಪದಲ್ಲಿ ಬರುತ್ತದೆ. ವಿದ್ಯುತ್ ಮಗ್ಗಕ್ಕೆ ಉರುಳೆಗೆ ಸುತ್ತಿದ ಕೋನ್, ಕೈಮಗ್ಗಕ್ಕೆ ಬಿಡಿ ಸುರುಳಿಯಾಗಿ ಕಟ್ಟಿದ ಲಡಿ. ಬಣ್ಣ ಹಾಕಲು, ಗಂಜಿ ಹಿಡಿಸಲು ಲಡಿಯೇ ಆಗಬೇಕು. ಅದಕ್ಕಾಗಿಯೇ ಗಿರಣಿಗಳು ದೇಶದೊಳಗಿನ ಬಳಕೆಗೆ ಕೊಡುವ ನೂಲಿನಲ್ಲಿ ಇಂತಿಷ್ಟು ಪಾಲನ್ನು ಲಡಿಯಾಗಿಯೇ ಕಟ್ಟಬೇಕೆಂದು ಕೇಂದ್ರದ ನಿಯಮವಿದೆ. ಒಂದು ಕಾಲಕ್ಕೆ ಆ ಪಾಲು ಶೇ 50 ಇತ್ತು. 2003ರಲ್ಲಿ ಶೇ 40 ಆಯಿತು, 2019ರಲ್ಲಿ ಶೇ 30. ಇಳಿಸಿದ್ದಕ್ಕೆ ಕೊಟ್ಟ ಕಾರಣ, ಕೈಮಗ್ಗಗಳೇ ಕಡಿಮೆಯಾಗಿವೆ ಎಂಬುದು. ಮಗ್ಗಗಳು ಯಾಕೆ ಕಡಿಮೆಯಾದವು ಎಂದು ಕೇಳಿದರೆ ನೂಲಿಲ್ಲ ಎನ್ನುತ್ತಾರೆ ನೇಕಾರರು. ಲಡಿಯಾಗಿ ಹೊರಟ ನೂಲು ಕೂಡ ಮಧ್ಯದಲ್ಲಿ ಕೋನಿಗೆ ಸುತ್ತಿಸಿಕೊಂಡು ವಿದ್ಯುತ್ ಮಗ್ಗಕ್ಕೆ ಹೋಗುವುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳುವವರು ಕಡಿಮೆ. 1995-96ರ ಗಣತಿಯಲ್ಲಿ ದೇಶದಲ್ಲಿ 65 ಲಕ್ಷಕ್ಕೂ ಹೆಚ್ಚಿದ್ದ ಕೈಮಗ್ಗದ ಕೆಲಸಗಾರರು 2019-20ರ ಗಣತಿಗೆ 35.22 ಲಕ್ಷಕ್ಕೆ ಇಳಿದರು. ಅವರಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಮಂದಿ ಹೆಂಗಸರು.

ವಿದ್ಯುತ್ ಮಗ್ಗದವರನ್ನು ಶತ್ರು ಮಾಡಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ರಬಕವಿ-ಬನಹಟ್ಟಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ನಾಲ್ಕು ಮಗ್ಗ ಹಾಕಿಕೊಂಡು ಸಾಲ ತೀರಿಸುತ್ತಿರುವವನು ಕೈಮಗ್ಗದ ನೇಕಾರನ ಅಣ್ಣನೋ ತಮ್ಮನೋ ಆಗಿರುತ್ತಾನೆ. 2023ರಲ್ಲಿ ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಟ್ಟಾಗ ಅಂಥವನಿಗೆ ಉಸಿರು ಬಂದದ್ದು ನಿಜ. ಆದರೆ ಒಂದೇ ಬಗೆಯ ಸೀರೆ ನೇಯುವ ಇಬ್ಬರಲ್ಲಿ ಒಬ್ಬನಿಗೆ ಕರೆಂಟು ಪುಕ್ಕಟೆ, ಕರೆಂಟೇ ಬೇಡದ ಇನ್ನೊಬ್ಬನಿಗೆ ವರ್ಷಕ್ಕೆ 5,000 ರೂಪಾಯಿಯ ನೇಕಾರ ಸಮ್ಮಾನ್ ಸಹಾಯಧನ. ಈ ತಕ್ಕಡಿ ಯಾವ ಕಡೆ ವಾಲುತ್ತದೆಂದು ನಿಮ್ಮ ಹಣಕಾಸು ಇಲಾಖೆಯವರೇ ಹೇಳಲಿ.

ಇನ್ನು ಕಂಬಳಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕೈಮಗ್ಗ ಎಂದರೆ ರೇಷ್ಮೆ, ಹತ್ತಿ ಎಂದಷ್ಟೇ ವಿಧಾನಸೌಧಕ್ಕೆ ನೆನಪಾಗುತ್ತದೆ.

ಚಳ್ಳಕೆರೆಯ ಕರಿ ಕಂಬಳಿಗೆ ಹೊರಗಿನಿಂದ ಬರಬೇಕಾದ್ದು ಏನೂ ಇರಲಿಲ್ಲ. ದಖನಿ ಕುರಿಯ ಒರಟು ಉಣ್ಣೆ ವರ್ಷಕ್ಕೆ ಎರಡು ಸಲ ಕತ್ತರಿಗೆ ಬರುತ್ತಿತ್ತು. ಬಿಲ್ಲಿನಲ್ಲಿ ಬಡಿದು, ಹಂಜಿ ಮಾಡಿ, ಮನೆಯ ಹೆಂಗಸರು ನೂಲುತ್ತಿದ್ದರು. ಉದ್ದಕ್ಕೆ ಹಾಸುವ ನೂಲಿಗೆ ಹುಣಸೆ ಬೀಜದ ಸರಿ ಬಳಿದು ಒಣಗಿಸಿ, ಗುಂಡಿ ಮಗ್ಗದಲ್ಲಿ ನೇಯುವುದು. ಕರಿ ಬಣ್ಣ ಕುರಿಯದೇ. ಆ ಕಂಬಳಿ ಹಾಸಿಗೆಯಾಗುತ್ತಿತ್ತು, ಮಳೆಗೆ ಕೊಪ್ಪೆಯಾಗುತ್ತಿತ್ತು, ದೇವರ ಗದ್ದುಗೆಯೂ ಆಗುತ್ತಿತ್ತು. ಕುರಿ ಬರೀ ಉಣ್ಣೆಗಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರೈತ ಮಂದೆ ನಿಲ್ಲಿಸಿಕೊಂಡು ಕುರಿಗಾರನಿಗೆ ಕಾಳು ಕೊಡುತ್ತಿದ್ದ. ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ. ಈಗ ಸುಸ್ಥಿರ ಬದುಕಿನ ಬಗ್ಗೆ ಪಂಚತಾರಾ ಹೋಟೆಲಿನಲ್ಲಿ ಕಾರ್ಯಾಗಾರ ನಡೆಸುವವರು ಒಮ್ಮೆ ಈ ಲೆಕ್ಕ ನೋಡಬೇಕು.

ಇದೆಲ್ಲ ನಿಂತಿದ್ದು ಕಾವಲುಗಳ ಮೇಲೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ರಾಸುಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ರಾಸುಗಳಿಗೆಂದು ಬಿಟ್ಟ ಹುಲ್ಲುಗಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿ, ದನಗಳೂ ಮೇಯುತ್ತಿದ್ದವು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳನ್ನು 2007ರ ನಂತರದ ವರ್ಷಗಳಲ್ಲಿ ಹಂಚಲಾಯಿತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಇದಕ್ಕೆ ವಿಜ್ಞಾನ ನಗರಿ ಎಂದು ಹೆಸರಾಯಿತು. ಗೋಡೆ ಎದ್ದಿತು. ಹಳ್ಳಿಯವರಿಗೆ ವಿಷಯ ತಿಳಿದದ್ದು ಬಹುಪಾಲು ಆಮೇಲೆ. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ದೇಶಕ್ಕೆ ರಾಕೆಟ್ಟು ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ಅಷ್ಟು ಎಕರೆ ಹಂಚುವಾಗ ಕಡತದಲ್ಲಿ ಆ ಜಮೀನು ಉಪಯೋಗಕ್ಕೆ ಬಾರದ ಪಾಳು ಎಂಬಂತೆ ಕಂಡಿತಲ್ಲ, ನನ್ನ ತಕರಾರು ಅಲ್ಲಿದೆ. ಅಲ್ಲಿ ಒಂದು ಉದ್ಯಮ ನಡೆಯುತ್ತಿತ್ತು. ಅದಕ್ಕೆ ಹೊಗೆ ಗೂಡು ಇರಲಿಲ್ಲ, ಜಿಎಸ್‌ಟಿ ನಂಬರ್ ಇರಲಿಲ್ಲ, ಅಷ್ಟೇ.

ಮೇವು ಕಡಿಮೆಯಾದ ಹಾಗೆ, ಮಾಂಸದ ಬೆಲೆ ಏರಿದ ಹಾಗೆ, ಕುರಿಗಾರರು ಉಣ್ಣೆ ಕೊಡದ, ಬೇಗ ಬೆಳೆಯುವ ತಳಿಗಳತ್ತ ತಿರುಗಿದರು. ಅವರನ್ನು ದೂರುವ ಹಾಗಿಲ್ಲ. ಎಷ್ಟೋ ಕಡೆ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ತಿಪ್ಪೆಗೆ ಎಸೆಯುತ್ತಾರೆ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೊಂದು ನಮ್ಮ ರಾಜ್ಯದಲ್ಲಿದೆ. ಉಣ್ಣೆ ಅದರ ಹೆಸರಿನಲ್ಲಿ ಭದ್ರವಾಗಿದೆ. ಕೇಂದ್ರದ ಯೋಜನೆಯಲ್ಲಿ ನೂಲಿಗೆ ಶೇ 15ರಷ್ಟು ಸಹಾಯಧನವಿದೆ, ಆದರೆ ಅದು ಗಿರಣಿಯಿಂದ ಬಿಲ್ಲು ಸಮೇತ ಬರುವ ನೂಲಿಗೆ. ಅಜ್ಜಿ ಜಗಲಿಯಲ್ಲಿ ಕೂತು ನೂತದ್ದಕ್ಕೆ ಬಿಲ್ಲು ಯಾರು ಕೊಡಬೇಕು?

ಬಿದಿರಿನ ಕಥೆ ಇನ್ನೂ ಹಳೆಯದು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಸರ್ಕಾರ ಅದಕ್ಕೆ ಬಿದಿರು ಕೊಟ್ಟದ್ದು ಟನ್ನಿಗೆ 1.50 ರೂಪಾಯಿಗೆ. ಅದೇ ಬಿದಿರಿಗೆ ಬುಟ್ಟಿ, ಮೊರ ಹೆಣೆಯುವ ಮೇದರು ಪೇಟೆಯ ದರ ತೆರಬೇಕಿತ್ತು. ಬಿದಿರು ಬರಿದಾಗುತ್ತ ಬಂದಾಗ ದೂರು ಹೋದದ್ದು ಹಳ್ಳಿಗರ ಮೇಲೆ, ಅವರ ದನಗಳ ಮೇಲೆ. 1970ರ ದಶಕದಲ್ಲಿ ರಾಜ್ಯ ಸರ್ಕಾರವೇ ಕೇಳಿಕೊಂಡಿದ್ದರಿಂದ ಇದನ್ನು ಅಧ್ಯಯನ ಮಾಡಿದ ವಿಜ್ಞಾನಿ ಮಾಧವ ಗಾಡ್ಗೀಳರು ಕಂಡದ್ದು ಬೇರೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳನ್ನೆಲ್ಲ ಸವರಿಸುತ್ತಿದ್ದರು. ಮುಳ್ಳಿನ ಬೇಲಿ ಹೋದ ಮೇಲೆ ಎಳೆ ಕಳಲೆ ಮೇಯುವ ಪ್ರಾಣಿಗಳ ಪಾಲಾಯಿತು. ಮುಳ್ಳು ತೆಗೆಯಬಾರದೆಂದು ಊರಿನವರು ಹೇಳುತ್ತಲೇ ಇದ್ದರು, ಅವರನ್ನು ಕೇಳಿದವರು ಯಾರು! 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದಿತು. ಅಷ್ಟರಲ್ಲಿ ಟೊಮೆಟೊ ಮಂಡಿಗಳಲ್ಲಿ ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಕ್ರೇಟು ಬಂದು ಕೂತಿತ್ತು.

ಕುಂಬಾರರ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನು ನಿಷೇಧವಾದಾಗ ಆ ಜಾಗಕ್ಕೆ ಬಂದದ್ದು ಕಾರ್ಖಾನೆಯ ಕಾಗದದ ಲೋಟ. ಮಣ್ಣಿನ ಲೋಟಕ್ಕೆ ಕೆರೆಯ ಮಣ್ಣು ಬೇಕು, ಕೆರೆಯ ಹೂಳು ಟೆಂಡರಿನದು.

ಇಷ್ಟಕ್ಕೂ ಕಾನೂನು ಇಲ್ಲವೆಂದಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಮೊದಲು 22 ಬಗೆಯ ಬಟ್ಟೆ ಕೈಮಗ್ಗಕ್ಕೆಂದೇ ಮೀಸಲಿದ್ದವು, ನಂತರ 11ಕ್ಕೆ ಇಳಿದವು. ಸೀರೆ, ಪಂಚೆ, ಲುಂಗಿಗಳ ಜೊತೆ ಬ್ಯಾರಕ್ ಕಂಬಳಿಯೂ ಆ ಪಟ್ಟಿಯಲ್ಲಿದೆ. ಗಿರಣಿಗಳು ಕೋರ್ಟಿಗೆ ಹೋದರೂ 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮೀರಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಮಗ್ಗಕ್ಕೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಮೂಲ ಕಾಯ್ದೆಯಲ್ಲಿತ್ತು. ಹಾಗಿದ್ದೂ ಇಳಕಲ್ ಸೀರೆಯ ಹೆಸರು ಹೇಳಿ ಬೇರೇನನ್ನೋ ಮಾರುವುದು ಪ್ರತಿ ಊರಿನ ಬಟ್ಟೆ ಅಂಗಡಿಯಲ್ಲಿ ನಡೆಯುತ್ತದೆ. ಒಡಲಿಗೂ ಸೆರಗಿಗೂ ತೋಪು ತೆನಿ ಕೊಂಡಿ ಹಾಕಿ ಜೋಡಿಸುವ ಆ ಕೆಲಸಕ್ಕೆ ಕೂಲಿ ಕೇಳಿದರೆ, ಅಂಗಡಿಯವನು ಪಕ್ಕದ ಅಗ್ಗದ ಸೀರೆ ತೋರಿಸುತ್ತಾನೆ.

2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. ತೆರಿಗೆ ನಿಮ್ಮೊಬ್ಬರ ಕೈಯಲ್ಲಿಲ್ಲ, ಒಪ್ಪಿದೆ. ಲಡಿ ನೂಲಿನ ಪಾಲೂ ಕೇಂದ್ರದ್ದೇ, ಅದನ್ನು ಮತ್ತೆ ಏರಿಸಿರೆಂದು ಕಾಗದ ಬರೆಯುವುದಷ್ಟೇ ನಿಮ್ಮಿಂದ ಆದೀತು, ಅಷ್ಟನ್ನಾದರೂ ಬರೆಯಿರಿ. ಉಳಿದದ್ದು ನಿಮ್ಮ ಕೈಯಲ್ಲೇ ಇದೆ. ಕಳೆದ ಹತ್ತು ವರ್ಷಗಳಲ್ಲಿ 1985ರ ಕಾಯ್ದೆಯಡಿ ರಾಜ್ಯದಲ್ಲಿ ಎಷ್ಟು ತಪಾಸಣೆ, ಎಷ್ಟು ಮೊಕದ್ದಮೆ, ಎಷ್ಟು ಶಿಕ್ಷೆ ಆಯಿತು ಎಂಬುದನ್ನು ಸದನದ ಮುಂದೆ ಇಡಿಸಿ. ಉಳಿದಿರುವ ಕಾವಲುಗಳ ಸರ್ವೆ ಮಾಡಿಸಿ, ಸುತ್ತಲಿನ ಗ್ರಾಮಸಭೆಗಳನ್ನು ಕೇಳದೆ ಒಂದು ಗುಂಟೆಯನ್ನೂ ಯಾರಿಗೂ ಕೊಡುವುದಿಲ್ಲವೆಂದು ಆದೇಶ ಹೊರಡಿಸಿ. ಅರಣ್ಯ ಇಲಾಖೆಯ ಡಿಪೋಗಳಲ್ಲಿ ಮೇದರಿಗೆ ಬಿದಿರಿನ ಪಾಲು ಮೊದಲು ತೆಗೆದಿಟ್ಟು, ಮಿಕ್ಕದ್ದನ್ನು ಹರಾಜಿಗೆ ಬಿಡಲಿ.

ಉಣ್ಣೆಗೆ ನಿಗಮದಿಂದಲೇ ಖರೀದಿ ದರ ಬೇಕು, ಮತ್ತು ಅದು ಕುರಿ ಕತ್ತರಿಸುವ ಹಂಗಾಮಿಗೆ ಮೊದಲು ಘೋಷಣೆಯಾಗಬೇಕು. ಕತ್ತರಿಸಿ ಮುಗಿದ ಮೇಲೆ ಘೋಷಿಸಿದರೆ ಕೊಳ್ಳುವುದಕ್ಕೆ ಉಣ್ಣೆಯೇ ಇರುವುದಿಲ್ಲ. ಖರೀದಿ ಕೇಂದ್ರ ಚಳ್ಳಕೆರೆಯಲ್ಲೇ ಇರಲಿ, ಸಂತೆಯ ದಿನ ತೆರೆದಿರಲಿ.

ಇಂತಿ ತಮ್ಮ ವಿಶ್ವಾಸಿ,
ನೇಕಾರರ ಸಹಕಾರ ಸಂಘವೊಂದರ ನಿವೃತ್ತ ಕಾರ್ಯದರ್ಶಿ